ಮನೆ ಸರ್ವರಿನ ತೊಟ್ಟಿಲ ಪದ

ಪಾಠ ಹೇಳುವವರಿಗೆ ಒಂದು ಸುಖವಿದೆ. ಹೇಳಿದ್ದನ್ನು ತಾವೇ ಮಾಡಿ ತೋರಿಸಬೇಕೆಂಬ ಕಟ್ಟಳೆ ಇಲ್ಲ. ನಾನು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಮರಾಠಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನಮ್ಮದೇ ಕಂಪ್ಯೂಟರಿನಲ್ಲಿ ಪುಟ ಬಡಿಸುವ ವೆಬ್ ಸರ್ವರ್ ಹೂಡಿ, ಸ್ಕ್ರಿಪ್ಟ್ ಎಂಬ ಆಜ್ಞೆಗಳ ಪಟ್ಟಿ ಇರುವ ಪುಟಗಳನ್ನು ಓಡಿಸುವ ಪಾಠ ಪ್ರತಿ ವರ್ಷ ಬರುತ್ತದೆ, ಹೋಗುತ್ತದೆ. ಕರಿಹಲಗೆಯ ಮೇಲೆ ಅದು ಒಮ್ಮೆಯೂ ಕೆಟ್ಟಿಲ್ಲ. ಈ ವರ್ಷ ಮಾತ್ರ ಅದನ್ನು ಮನೆಯಲ್ಲಿ ಮಾಡಬೇಕಾಗಿ ಬಂತು.

ಕಾರಣ ನಮ್ಮ ಗಂಗವ್ವ ವೈನಿ, ಅಕ್ಕಲಕೋಟೆಯಲ್ಲಿರುವ ನಮ್ಮಣ್ಣನ ಹೆಂಡತಿ. ಹೆಸರಿಡುವ ಮನೆ ಯಾವುದಿದ್ದರೂ ತೊಟ್ಟಿಲ ಪದ ಹಾಡುತ್ತಿದ್ದವರು ಅವರೇ. ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಹೋಯಿತು. ಉಳಿದದ್ದು ಒಂದು ಪಿಸುಮಾತು. ಅದನ್ನು ಕೇಳಬೇಕಾದರೆ ಹತ್ತಿರ ಹೋಗಿ ಬಾಗಬೇಕು. ಬಾಗುವಷ್ಟು ಪುರುಸೊತ್ತು ಯಾರಿಗಿದೆ? ಮನೆಯವರು ಮೆಲ್ಲಗೆ ಅವರನ್ನು ಏನೂ ಕೇಳುವುದನ್ನೇ ಬಿಟ್ಟರು. ವೈನಿ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತರು. ಆದರೆ ಅವರ ಮಕ್ಕಳು ಕಲಿತದ್ದು ಮರಾಠಿ ಸಾಲೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಒಂದಕ್ಷರವೂ ಬಾರದು. ಹೀಗಾಗಿ ತಾಯಿಯ ಮೆಸೇಜುಗಳಿಗೆಲ್ಲ ಮಕ್ಕಳಿಂದ ಬರುವ ಉತ್ತರ ಒಂದು ಹೆಬ್ಬೆರಳಿನ ಚಿತ್ರ.

ದೊಡ್ಡ ಮಗಳಿಗೆ ಹೆಣ್ಣುಕೂಸಾಯಿತು. ಹೆಸರಿಡುವ ದಿನ ಗೊತ್ತಾಯಿತು. ವೈನಿಯಿಂದ ನನಗೆ ಸಾಲುಸಾಲಾಗಿ ತೊಟ್ಟಿಲ ಪದಗಳು ಬಂದವು. ಕೊನೆಗೊಂದು ಮಾತು: "ನನ್ನ ದನಿ ಹೋತು. ಪದಾ ಹೋಗಬಾರದು. ಹುಡಿಗ್ಯಾರ ಕಡಿಂದ ನೀನ ಹಾಡಸು."

ವೈನಿಯ ಕಿರಿಮಗಳು ತೃಪ್ತಿಗೆ ಫೋನ್ ಮಾಡಿದೆ. "ಅತ್ತಿ, ಅವ್ವ ಬರದದ್ದು ನಮಗ್ಯಾರಿಗೂ ಓದಾಕ ಬರಂಗಿಲ್ರಿ. ಮರಾಠಿ ಅಕ್ಷರದಾಗ ಕೊಟ್ರ ಹಾಡತೀವಿ" ಎಂದಳು.

ಬುದ್ಧಿ ಇದ್ದವಳಾದರೆ ಕೂತು ಕೈಯಲ್ಲಿ ಬರೆದು ಮುಗಿಸುತ್ತಿದ್ದೆ. ನಾನು ಕಂಪ್ಯೂಟರ್ ಟೀಚರು. ಕಂಪ್ಯೂಟರಿನ ಒಳಗೆ ನಮ್ಮ ದೇಶದ ಲಿಪಿಗಳೆಲ್ಲ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕೂತಿವೆ. ಕನ್ನಡದ ಓಣಿಯಲ್ಲಿ 'ಕ' ಎಷ್ಟನೇ ಮನೆಯೋ ಮರಾಠಿ ಬರೆಯುವ ನಾಗರಿಯ ಓಣಿಯಲ್ಲೂ ಅಷ್ಟನೇ ಮನೆ. ಪುಟ್ಟದೊಂದು ಸ್ಕ್ರಿಪ್ಟ್ ಬರೆದರೆ ಸಾಕು, ವೈನಿ ಕನ್ನಡದಲ್ಲಿ ಹಾಕಿದ್ದು ಹುಡುಗಿಯರ ಮೊಬೈಲಿನಲ್ಲಿ ಮರಾಠಿ ಅಕ್ಷರವಾಗಿ ಕಾಣುತ್ತದೆ. ಪದಗಳಿಗಷ್ಟೇ ಅಲ್ಲ, ಆಮೇಲಿನ ಮೆಸೇಜುಗಳಿಗೂ ಆಯಿತು. ಇಂಥದ್ದನ್ನು ಯಾರೋ ಆಗಲೇ ಮಾಡಿಟ್ಟಿರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆದರೂ ಕೂತೆ.

ಬರೆದು ಮುಗಿಸಿ ಪುಟದ ಮೇಲೆ ಒತ್ತಿದರೆ ಪದ ಬರಲಿಲ್ಲ, ನಾನು ಬರೆದ ಸ್ಕ್ರಿಪ್ಟೇ ಉದ್ದಕ್ಕೆ ಬಂದು ನಿಂತಿತು. ಅಂಥ ಪುಟವನ್ನು ನೇರವಾಗಿ ತೆರೆಯಬಾರದು, ಸರ್ವರ್ ಮೂಲಕವೇ ತೆರೆಯಬೇಕು ಎಂದು ವರ್ಷವರ್ಷವೂ ಹುಡುಗರಿಗೆ ಹೇಳುವವಳು ನಾನೇ. ಸರ್ವರ್ ಹಾಕಿದೆ, ಅದು ಏಳಲೊಲ್ಲದು. ಅದಕ್ಕೆ ಬೇಕಾದ ಪೋರ್ಟನ್ನು, ಅಂದರೆ ಅದು ಹೋಗಿ ಬರುವ ಬಾಗಿಲನ್ನು, ಬೇರೆ ಯಾವುದೋ ಪ್ರೋಗ್ರಾಮ್ ಹಿಡಿದು ಕೂತಿತ್ತು. ಬೇರೆ ಪೋರ್ಟ್ ಕೊಟ್ಟೆ, ಎದ್ದಿತು. ಈಗ ಕನ್ನಡ ಇರಬೇಕಾದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು. ಇಡೀ ತೊಟ್ಟಿಲ ಪದವೇ ನನ್ನನ್ನು ಏನೋ ಕೇಳುತ್ತಿರುವಂತಿತ್ತು.

ಹಿಂದೆ ಬಂದು ನಿಂತ ಯಜಮಾನರು, "ಕೈಲೆ ಬರದಿದ್ರ ಇಷ್ಟೊತ್ತಿಗಿ ಮುಗದ ಹೋಗತಿತ್ತಲ್ಲ" ಎಂದರು. ಮದುವೆಯಾಗಿ ಬಹಳ ಕಾಲವಾದ ಮೇಲೆ ಇಂಥ ಮಾತಿಗೆ ಸಿಟ್ಟು ಬರುವುದಿಲ್ಲ. ಕೂತು ಕೂತು ಹಿಡಿದ ಭುಜ ಮಾತ್ರ ಇನ್ನಷ್ಟು ನೋಯುತ್ತದೆ.

ಅಂತೂ ಒಂದು ಸಾಯಂಕಾಲ ಪುಟ ಸರಿಯಾಗಿ ಓಡಿತು. ಹುರುಪಿನಲ್ಲಿ ಅದರ ವಿಳಾಸವನ್ನು ತೃಪ್ತಿಗೆ ಕಳಿಸಿದೆ. ಕೂಡಲೇ ಫೋನ್. "ಅತ್ತಿ, ಉಘಡವಲ್ದರಿ." ಮರಾಠಿ ಬೆರೆಸಿ ಹೇಳಿದ್ದು, ಪುಟ ತೆರೆಯುತ್ತಿಲ್ಲ ಎಂದು.

"ಇಲ್ಲಿ ಛಲೋ ನಡದೈತಲ್ಲ!"

"ಅಲ್ಲಿ ನಡದೀತರಿ. ನಾವ ಇಲ್ಲಿ ಇದ್ದೀವಲ್ಲ."

ಮಾತು ಖರೆ. ನಾನು ಕಳಿಸಿದ್ದು 'ಲೋಕಲ್‌ಹೋಸ್ಟ್' ಎಂಬ ವಿಳಾಸ. ಅದರ ಅರ್ಥ 'ಈ ಕಂಪ್ಯೂಟರ್' ಎಂದಷ್ಟೇ. ನನ್ನಲ್ಲಿ ಬರೆದರೆ ನನ್ನದು, ಅವಳಲ್ಲಿ ಬರೆದರೆ ಅವಳದು. ಯಾರನ್ನೋ ಊಟಕ್ಕೆ ಕರೆದು, ಎಲ್ಲಿಗೆ ಬರಲಿ ಎಂದರೆ 'ಮನೆಗೆ' ಎಂದು ಫೋನ್ ಇಟ್ಟ ಹಾಗಾಗಿತ್ತು. ಪರೀಕ್ಷೆಯಲ್ಲಿ ಈ ತಪ್ಪಿಗೆ ನಾನು ಅಂಕ ಕಳೆಯುತ್ತೇನೆ.

ಉಳಿದದ್ದು ಒಂದೇ ದಾರಿ. ಹೆಸರಿಡುವ ದಿನ ನನ್ನ ಹಳೆಯ ಲ್ಯಾಪ್‌ಟಾಪನ್ನು ಸೀರೆಗಳ ನಡುವೆ ಸುತ್ತಿಕೊಂಡು ಅಕ್ಕಲಕೋಟೆಗೆ ಹೋದೆ. ಅದನ್ನು ಅಣ್ಣನ ಮನೆಯ ವೈಫೈಗೆ ಕೂಡಿಸಿ, ಆ ಮನೆಯೊಳಗೆ ನಡೆಯುವ ಅಂಕಿಗಳ ವಿಳಾಸವನ್ನು ಎಲ್ಲರಿಗೂ ಕೊಟ್ಟೆ. ಹುಡುಗಿಯರ ಮೊಬೈಲುಗಳಲ್ಲಿ ವೈನಿಯ ಪದ ಮರಾಠಿ ಅಕ್ಷರದಲ್ಲಿ ಮೂಡಿತು. ವೈನಿ ಗೋಡೆಗೊರಗಿ, ಮಡಿಲಲ್ಲಿ ಕೈಯಿಟ್ಟು ನೋಡುತ್ತಿದ್ದರು.

ತೃಪ್ತಿಯೂ ಅವಳ ಚಿಕ್ಕಪ್ಪನ ಹುಡುಗಿಯರೂ ತೊಟ್ಟಿಲು ಹಿಡಿದು ಶುರು ಮಾಡಿದರು. ಗೆಜ್ಜೆ ತಂದ ಸೋದರಮಾವನ ಸಾಲು ಬಂತು: "ಬೆಳ್ಳಿಯ ಗೆಜ್ಜಿ ಕಂದಗ ಕೊಡ." ಮರಾಠಿ ಓದುವವರಿಗೆ ಎ, ಏ ಎಂದು ಎರಡಿಲ್ಲ, ಒ, ಓ ಎಂದೂ ಎರಡಿಲ್ಲ. ನಾಗರಿಯ ಓಣಿಯಲ್ಲಿ ಹ್ರಸ್ವಕ್ಕೂ ಒಂದು ಚಿಹ್ನೆ ಇದೆಯಾದರೂ ಇವರ್‍ಯಾರೂ ಅದನ್ನು ಕಂಡವರಲ್ಲ. ದಣಿದಿದ್ದೆ, ನಡೆದೀತು ಎಂದು ಎರಡಕ್ಕೂ ದೀರ್ಘವನ್ನೇ ಕೊಟ್ಟಿದ್ದೆ. ಹೊಸ ಪದ, ಕಣ್ಣೆಲ್ಲ ಮೊಬೈಲಿನ ಮೇಲೆ. ಕಂಡದ್ದನ್ನೇ ರಾಗವಾಗಿ ಎಳೆದರು: "ಬೇಳ್ಳಿಯ ಗೇಜ್ಜಿ ಕಂದಗ ಕೋಡ…"

ವೈನಿಯ ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡೆ. ಅಳುವಲ್ಲ, ದನಿಯಿಲ್ಲದ ನಗು. ಕಣ್ಣಲ್ಲಿ ನೀರು ಬರುವಷ್ಟು ನಗು. ತೃಪ್ತಿ ಗಾಬರಿಯಾಗಿ ತೊಟ್ಟಿಲು ಬಿಟ್ಟು ಬಂದು, ತಾಯಿಯ ಬಾಯಿಯ ಹತ್ತಿರ ಕಿವಿಯಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಕೂಸಿಗಿ ಕೋಡ ಮೂಡಸ್ತೀರೇನ್ರೆ ಅನ್ನಾಕತ್ಯಾಳ ಅವ್ವ!"

ಮನೆಯೆಲ್ಲ ನಕ್ಕಿತು. ಕೂಸು ಎದ್ದು ಅತ್ತಿತು. ಮುಂದಿನ ಪ್ರತಿ ಸಾಲಿಗೂ ಒಬ್ಬಳಲ್ಲ ಒಬ್ಬಳು ಹೋಗಿ ವೈನಿಯ ಪಕ್ಕದಲ್ಲಿ ಬಾಗಿ, "ಅವ್ವಾ, ಇದ ಸಣ್ಣದೋ ದೊಡ್ಡದೋ?", "ಕಾಕೂ, ಇಲ್ಲಿ ಎಳೀಬೇಕೇನ್ರಿ?" ಎಂದು ಕೇಳಿ ಬಂದಳು. ಪದ ಮುಗಿಯಲು ಬಹಳ ಹೊತ್ತಾಯಿತು. ಯಾರೂ ಅವಸರ ಮಾಡಲಿಲ್ಲ.

ಮರುದಿನ ಮುಂಜಾನೆ ಹೊರಡುವ ಮೊದಲು ಸ್ಕ್ರಿಪ್ಟ್ ತಿದ್ದಲು ಕೂತೆ. ಹ್ರಸ್ವದ ಅಕ್ಷರದ ಮೇಲೆ ಒಂದು ಗುರುತು ಹಾಕಿದರಾಯಿತು, ದೊಡ್ಡ ಕೆಲಸವಲ್ಲ. ವೈನಿ ಚಹಾ ತಂದವರು ಏನು ಮಾಡುತ್ತೀ ಎಂದು ಕಣ್ಣಲ್ಲೇ ಕೇಳಿದರು. ಹೇಳಿದೆ. ಅವರು ನನ್ನ ಕೈ ಹಿಡಿದರು. ಕೇಳಿಸಿಕೊಳ್ಳಲು ನಾನೂ ಬಾಗಬೇಕಾಯಿತು.

"ಹಂಗ ಇರ್ಲಿ ಬಿಡ. ಅದು ಸರಿ ಆದ್ರ ನನ್ನ ಯಾರ ಕೇಳತಾರ?"

ಪಕ್ಕದ ಕೋಣೆಯಿಂದ ತೃಪ್ತಿ ಕೂಗಿದಳು, "ಅವ್ವಾ, ಇಲ್ಲಿ 'ಮೋಸರ' ಅಂತ ಬಂದೈತಿ, ನೀ ಈಗ ಕಳಿಸಿದ್ದು 'ಮೊಸರ' ಹೌದಲ್ಲ?" ವೈನಿ ಎದ್ದು ಒಳಗೆ ಹೋದರು.

ತಪ್ಪು ತಿದ್ದುವುದೇ ನನ್ನ ಹೊಟ್ಟೆಪಾಡು. ಕಣ್ಣಾರೆ ಕಂಡ ತಪ್ಪನ್ನು ಹಾಗೆಯೇ ಬಿಟ್ಟು, ಅದು ಎಲ್ಲಿ ನಿಂತುಹೋದೀತೋ ಎಂದು ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿ, ಅದನ್ನು ಅಣ್ಣನ ಮನೆಯಲ್ಲೇ ಇಟ್ಟು ಬಂದದ್ದು ಅದೊಂದೇ ಸಲ.