ಲೋಕೇಶ ಕೂಗಿದ ಹಾಜರಿ

“ಹಾಜರಿಗೆ ತಡ ಆಗೈತೆ. ಇರ್ಲಿ ಬಿಡಿ, ನನ್ ಬದ್ಲು ಲೋಕೇಶ ಕೂಗ್ತಾನೆ.”

ನನ್ನ ಹೆಂಡತಿ ಗೌರಿ ಸಾಯುವಾಗ ಕೊನೆಗೆ ಆಡಿದ ಮಾತು ಇದು. ಅವಳ ತಮ್ಮ ಲೋಕೇಶ ಸತ್ತು ಆಗಲೇ ತಿಂಗಳಾಗಿತ್ತು.

ನಾವೆಲ್ಲ ದೋಣಿಗಲ್ ಹತ್ತಿರ ಒಂದೇ ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕಿದ್ದವರು. ಬೆಳಿಗ್ಗೆ ಸ್ಟೋರ್ ಮುಂದೆ ಹಾಜರಿ ಬರೆಯುವ ರೈಟರ್ ಹೆಸರು ಕೂಗುವಾಗ ಯಾರು ತಡವಾದರೂ ಅವರ ದನಿಯಲ್ಲೇ ಲೋಕೇಶ ಓಗೊಡುತ್ತಿದ್ದ. ಅವನು ಗೌರಿಯ ದನಿ ತೆಗೆದರೆ ಅವಳಲ್ಲ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳಿಗೆ ಉಣ್ಣಿಸುವಾಗ ಕೋಳಿ ಆಗೋನು, ಬಸ್ಸು ಆಗೋನು. ಮೂವತ್ತೈದಕ್ಕೇ ಎದೆನೋವು ಬಂದು ಹೋಗ್ಬುಟ್ಟ.

ಗೌರಿ ತಿಥಿ ಮುಗಿಸಿ ನಾನು ಕೆಲಸಕ್ಕೆ ಹೋದೆ. ರೈಟರ್ ಹೊಸಬ. ಹಳೇ ಪುಸ್ತಕ ನೋಡಿಕೊಂಡು ಕೂಗಿದ.

“ಲೋಕೇಶ!”

“ಬಂದೆ ಸಾಮಿ, ಹಲ್ಲೊಂದು ಉಜ್ಜಿಲ್ಲ ಅಷ್ಟೆ.”

ಅವನು ದಿನಾ ಹೇಳುತ್ತಿದ್ದ ಮಾತು, ಅವನದೇ ದನಿ, ನಾನು ನಿಂತ ಕಡೆಯಿಂದ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

“ಅಣ್ಣಾ, ನೀವಾ ಕೂಗಿದ್ದು?” ಅಂದಳು ಲೋಕೇಶನ ಹೆಂಡತಿ. ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು.

“ನಾನಲ್ಲ ಕಣವ್ವ. ನಾನು ಬಾಯೇ ತೆಗೆದಿಲ್ಲ.”

ಆಮೇಲೆ ಯಾರೂ ನನ್ನ ಪಕ್ಕ ನಿಲ್ಲಲಿಲ್ಲ.

ಮಾರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ರೈಟರ್ ಹತ್ತಿರ ನಿಂತೆ. “ಗೌರಿ ಹೆಸರನ್ನೂ ಒಂದ್ಸಲ ಕೂಗಿ ಸಾಮಿ” ಅಂದೆ.