ಗೋಡೆಗೆ ಬಾರದ ಮುಖವಾಡಗಳು

ಏಳನೇ ತರಗತಿಗೆ ಶುಕ್ರವಾರದ ಕೊನೆಯ ಪೀರಿಯಡ್ ಚಿತ್ರಕಲೆ. ಅದನ್ನು ನನ್ನಿಂದ ಕಿತ್ತು ಗಣಿತಕ್ಕೆ ಕೊಡಬೇಕೆಂದು ಹೆಡ್‌ಮಿಸ್ ಮನಸ್ಸಿನಲ್ಲಿ ಆಗಲೇ ತೀರ್ಮಾನಿಸಿದ್ದರು. ನಾನು ಸುಮ್ಮನಿರುವವಳೇ? ಅವರ ಕೋಣೆಯಲ್ಲೇ ಜಗಳಕ್ಕೆ ನಿಂತೆ. ಕೊನೆಗೆ ಅವರು, "ಸರಿ, ಒಂದು ಪ್ರದರ್ಶನ ಮಾಡಿ ತೋರಿಸಿ. ಪೇರೆಂಟ್ಸ್ ಮೆಚ್ಚಿದರೆ ಪೀರಿಯಡ್ ನಿಮಗೇ ಇರಲಿ" ಅಂದರು. ಅವತ್ತಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಮದುವೆಯಾಗಿ ಮೈಸೂರು ಕಡೆಯಿಂದ ಕೊಯಮತ್ತೂರಿಗೆ ಬಂದವಳು ನಾನು. ಉಕ್ಕಡಂನ ಮನೆಯಿಂದ ಹೊರಟು, ನಡುವೆ ಬಸ್ ಬದಲಿಸಿ ಕರುಮತ್ತಂಪಟ್ಟಿಯ ಶಾಲೆ ಸೇರಬೇಕು. ಆ ದಿನಗಳಲ್ಲಿ ಬಸ್ಸು ಸಿಗ್ನಲ್‌ನಲ್ಲಿ ನಿಂತರೂ ಸಾಕು, ಡ್ರೈವರನ್ನು ಕೆಳಗಿಳಿಸಿ ನಾನೇ ಓಡಿಸಿಬಿಡೋಣ ಅನ್ನಿಸುತ್ತಿತ್ತು.

ಪ್ರದರ್ಶನಕ್ಕೆ ಮುಖವಾಡಗಳನ್ನು ಆರಿಸಿಕೊಂಡೆ. ಆಫ್ರಿಕಾದ ಸುಗ್ಗಿ ಕುಣಿತದ್ದು, ಜಪಾನಿನ ನಾಟಕದ್ದು, ಲಂಕೆಯಲ್ಲಿ ರೋಗ ಓಡಿಸಲು ಹಾಕಿಕೊಳ್ಳುವುದು, ನಮ್ಮ ಕರಾವಳಿಯ ಭೂತದ್ದು, ಎಲ್ಲವನ್ನೂ ಪರದೆಯ ಮೇಲೆ ತೋರಿಸಿದೆ. ಮಕ್ಕಳು ಆಕಳಿಸಿದರು. ನನಗೆ ರೇಗಿತು. ನನ್ನ ಅರೆಬರೆ ತಮಿಳಿನಲ್ಲೇ, "ಇವನ್ನ ಯಾರೂ ಗೋಡೆಗೆ ತೂಗುಹಾಕೋಕೆ ಮಾಡಲಿಲ್ಲ ಕಣ್ರೋ! ಒಂದೊಂದಕ್ಕೂ ಒಂದು ಕೆಲಸ ಇದೆ. ಒಂದು ಹೆದರಿಸುತ್ತೆ, ಒಂದು ಕಾಯುತ್ತೆ, ಒಂದು ನಗಿಸುತ್ತೆ. ನಿಮ್ಮ ಮುಖವಾಡಕ್ಕೆ ಏನು ಕೆಲಸ, ಮೊದಲು ಅದನ್ನ ಯೋಚಿಸಿ" ಎಂದು ಕೂಗಿದೆ. ಆಗ ಎಲ್ಲರೂ ನೆಟ್ಟಗೆ ಕೂತರು.

ಹಳೇ ಪೇಪರು, ಮೈದಾ ಅಂಟು, ಮನೆಮನೆಯ ಮಗ್ಗದಿಂದ ಬಂದ ಖಾಲಿ ನೂಲಿನ ಕೋನುಗಳು, ತಿರುಪ್ಪೂರಿನ ಬನಿಯನ್ ಬಟ್ಟೆಯ ಚೂರುಗಳು, ಇಷ್ಟೇ ನಮ್ಮ ಸಾಮಾನು. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ಕನ್ನಡ ಆಡುವ, ಪವರ್‌ಲೂಮ್ ನಡೆಸುವ ಮನೆಯವಳು. ಹಾಜರಿಗೆ ಬಿಟ್ಟರೆ ಇನ್ನೆಂದೂ ಬಾಯಿ ಬಿಟ್ಟವಳಲ್ಲ. ಅವಳು ಕೋನನ್ನೇ ಮೂಗಾಗಿಸಿ, ಕೆಂಪು ಬಟ್ಟೆಯ ಗೇಣುದ್ದದ ನಾಲಗೆ ಹೊಲಿದು ಒಂದು ಮುಖ ಮಾಡಿದಳು ನೋಡಿ, ಅಬ್ಬಾ, ನನಗೇ ಒಂದು ಕ್ಷಣ ಎದೆ ಝಲ್ಲೆಂದಿತು.

ಒಣಗಿಸಲು ಶಾಲೆಯಲ್ಲಿ ಜಾಗವಿರಲಿಲ್ಲ. ಮನೆಗೆ ಒಯ್ದು, ಒಣಗಿಸಿ, ಪ್ರದರ್ಶನದ ಹಿಂದಿನ ದಿನ ತನ್ನಿ ಅಂದೆ. ಆ ದಿನ ವಾಪಸ್ ಬಂದದ್ದು ಬರೀ ಮೂರು.

"ಉಳಿದದ್ದೆಲ್ಲಿ?"

ಎಲ್ಲರೂ ಒಟ್ಟಿಗೇ ಮಾತಾಡಿದರು. ಕಟ್ಟುತ್ತಿರುವ ಮನೆಗೆ ದೃಷ್ಟಿಗೊಂಬೆಯಾಗಿ ಒಂದು ಹೋಗಿತ್ತು. ರಾಕ್ಷಸನ ಮುಖ ಬರೆದ ಕುಂಬಳಕಾಯಿ ತೂಗುವ ಜಾಗದಲ್ಲಿ ಈಗ ನನ್ನ ಆಫ್ರಿಕಾ ತೂಗುತ್ತಿತ್ತು. ಇನ್ನೊಂದು ಆಡಿನ ಕೊಟ್ಟಿಗೆಗೆ. ಮತ್ತೊಂದನ್ನು ಟೆಂಪೋದ ಮುಂದೆ ಕಟ್ಟಿಕೊಂಡು ಒಬ್ಬನ ಅಪ್ಪ ವೆಳ್ಳಕೋಯಿಲ್ ಸಂತೆಗೆ ಹೋಗಿಯಾಗಿತ್ತು. ನಗು ಬರಬೇಕಿತ್ತು, ಬರಲಿಲ್ಲ. ನಾಳೆ ಬೆಳಗ್ಗೆ ಪ್ರದರ್ಶನ! ಶಾಲೆ ಬಿಟ್ಟ ಕೂಡಲೇ, ದಾರಿ ತೋರಿಸಲು ಆ ಹುಡುಗಿಯನ್ನು ಕರೆದುಕೊಂಡು ವಸೂಲಿಗೆ ಹೊರಟವಳಂತೆ ಬಿರಬಿರನೆ ನಡೆದೆ.

ಹೊಸ ಮನೆಯ ಮೇಸ್ತ್ರಿ, ತಾರಸಿ ಹಾಕುವವರೆಗೆ ಮುಟ್ಟಬೇಡಿ ಎಂದು ಕೈ ಮುಗಿದುಬಿಟ್ಟ. ಆಡಿನ ಮನೆಯಾಕೆ ಬಾಗಿಲನ್ನೇ ತೆರೆಯಲಿಲ್ಲ. ಕೊನೆಗೆ ಹುಡುಗಿಯ ಮನೆಯ ಮಗ್ಗದ ಶೆಡ್ಡಿಗೆ ಬಂದೆವು. ಬಾಗಿಲ ಮೇಲೆ ಆ ಕೆಂಪು ನಾಲಗೆ ಗಾಳಿಗೆ ಆಡುತ್ತಿತ್ತು. ಮಗ್ಗದ ಗದ್ದಲದ ಮಧ್ಯೆ ಅವಳ ಅಜ್ಜಿ ಹೊರಗೆ ಬಂದರು.

"ವಾಂಗ ಟೀಚರ್, ಬನ್ನಿ. ನಮ್ಮ ಅಮ್ಮಿಣಿ ಮಾಡಿರೋದು, ನೋಡಿದ್ರಾ? ಬರೋರೆಲ್ಲಾ ನಿಂತು ನೋಡ್ಕೊಂಡೇ ಹೋಗ್ತಾರೆ. ಅವಳಿಗೆ ಇಷ್ಟು ಬರುತ್ತೆ ಅಂತ ನಮಗೇ ತೆರೀಲಿಲ್ಲಿಂಗ, ಗೊತ್ತೇ ಇರ್ಲಿಲ್ಲ!"

ಹುಡುಗಿ ನೆಲ ನೋಡುತ್ತಾ ನಗುತ್ತಿದ್ದಳು. ನನಗೆ ಅದೊಂದೂ ಬೇಡ, ಮುಖವಾಡ ಬೇಕು. "ನಾಳೆ ಇದು ಗೋಡೆ ಮೇಲೆ ಇರದಿದ್ದರೆ ನಮ್ಮ ಪೀರಿಯಡ್ಡೇ ಹೋಗುತ್ತೆ, ಗೊತ್ತೇನೇ? ಬಿಚ್ಚಿ ಕೊಡು" ಅಂದೆ. ದನಿ ಏರಿತ್ತು.

ಅವಳು ತಲೆ ಎತ್ತಿದಳು. "ನೀವೇ ಸೊಲ್ಲಿದ್ದಲ್ಲ ಮಿಸ್, ಗೋಡೆಗೆ ಮಾಡೋದಲ್ಲ ಅಂತ. ಇದು ಈಗ ಕೆಲಸದಲ್ಲಿದೆ ಮಿಸ್. ಮಧ್ಯದಲ್ಲಿ ಎಂಗೆ ಬಿಚ್ಚೋದು?"

ವರ್ಷದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ನನಗೆ ಸಿಟ್ಟೂ ಬಂತು, ಒಳಗೊಳಗೇ ಸಂತೋಷವೂ ಆಯಿತು. ಎರಡನ್ನೂ ನುಂಗಿಕೊಂಡು ಬರಿಗೈಯಲ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಟಿಕೆಟ್ಟನ್ನು ಚೂರುಚೂರು ಮಾಡಿದೆ. ಕಂಡಕ್ಟರು ಕೆಳಗೆ ಹಾಕಬೇಡಿ ಎಂದು ಗದರಿದ.

ಮರುದಿನ ಹಟಕ್ಕೆ ಬಿದ್ದು ಮೂರು ಮುಖವಾಡ ತೂಗುಹಾಕಿದೆ. ಉಳಿದ ಮೊಳೆಗಳನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಮಕ್ಕಳ ಕೈಯಿಂದಲೇ ಚೀಟಿ ಬರೆಸಿದೆ: ಆಡನ್ನು ಕಾಯುತ್ತಿದೆ. ಮಗ್ಗವನ್ನು ಕಾಯುತ್ತಿದೆ. ಸಂತೆಗೆ ಹೋಗಿದೆ. ಅಪ್ಪ ಅಮ್ಮಂದಿರು ಬಿದ್ದು ಬಿದ್ದು ನಕ್ಕರು, ತಮ್ಮ ಮನೆಯದನ್ನು ಹುಡುಕಿ ಓದಿದರು. ಹೆಡ್‌ಮಿಸ್ ನಗಲಿಲ್ಲ. "ಖಾಲಿ ಗೋಡೆ ನೋಡೋಕೆ ಇವರನ್ನೆಲ್ಲ ಕರೆಸಬೇಕಿತ್ತಾ? ಮುಂದಿನ ವಾರದಿಂದ ಗಣಿತ" ಅಂದರು. ಅಷ್ಟೇ. ಮುಗಿಯಿತು.

ಮುಂದಿನ ಶುಕ್ರವಾರ ಕೊನೆಯ ಗಂಟೆ ಹೊಡೆದಾಗ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಸುಳ್ಳು, ಕುರ್ಚಿಯ ಸುತ್ತ ಸುತ್ತುತ್ತಿದ್ದೆ. ತಡೆಯಲಾರದೆ ಎದ್ದು ಕಾರಿಡಾರಿಗೆ ಬಂದೆ. ಏಳನೇ ತರಗತಿಯ ಬಾಗಿಲ ಮೇಲೆ, ಹಸಿರು ಹುರಿಯಲ್ಲಿ, ಕೋನಿನ ಮೂಗು, ಗೇಣುದ್ದ ಕೆಂಪು ನಾಲಗೆ. ಗಣಿತದ ಮೇಷ್ಟ್ರು ಅದರ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದರು.

ನೀರಿನ ನೆಪ ಹೇಳಿ ಹುಡುಗಿ ಹೊರಗೆ ಬಂದಳು.

"ಏನೇ ಇದು?"

"ನಮ್ಮ ಪೀರಿಯಡ್‌ಗೆ ದಿಷ್ಟಿ ಆಗೋಯ್ತಲ್ಲ ಮಿಸ್."

"ಮತ್ತೆ ನಿಮ್ಮ ಮಗ್ಗಕ್ಕೆ?"

"ಅಜ್ಜೀನೇ ಬಿಚ್ಚಿ ಕೊಟ್ರು. ಮಗ್ಗಕ್ಕೆ ಕುಂಬಳಕಾಯಿ ಪೋದುಮಂತೆ, ಅದೇ ಸಾಕಂತೆ."

ನಾನು ತಲೆ ಎತ್ತಿ ಮುಖವಾಡವನ್ನು ನೋಡಿದೆ. ಒಂದು ಕಡೆಗೆ ವಾಲಿತ್ತು, ಕೈಗೆಟುಕದೆ ಹೇಗೋ ಕಟ್ಟಿರಬೇಕು. ಸ್ಟಾಫ್ ರೂಮಿನಿಂದ ನನ್ನ ಕುರ್ಚಿಯನ್ನೇ ಎಳೆದು ತಂದೆ. ಹುಡುಗಿ ಅದನ್ನು ಹಿಡಿದುಕೊಂಡಳು. ಒಳಗೆ ಲೆಕ್ಕ ನಡೆಯುತ್ತಿತ್ತು. ನಾನು ಮೇಲೆ ಹತ್ತಿ, ಹುರಿ ಬಿಗಿದು, ಬಿಚ್ಚಿದರೂ ಬಿಚ್ಚದ ಹಾಗೆ ಗಂಟು ಹಾಕಿದೆ.