ಹತ್ತು ಬೆರಳಿನ ಹಾಜರಿ

ನಿಮ್ಮ ಕೈಬೆರಳು ಎಣಿಸಿ ನೋಡಿ ಎಷ್ಟು ದಿನವಾಯಿತು? ನಗಬೇಡಿ. ಎಂಬತ್ತರ ದಶಕದಲ್ಲಿ ನನ್ನ ಬೆರಳುಗಳನ್ನು ದಿನಾ ಸಂಜೆ ಒಬ್ಬಳು ಎಣಿಸುತ್ತಿದ್ದಳು. ಲಗ್ಗೆರೆಯ ರುದ್ರಕ್ಕ.

ರಾಜಾಜಿನಗರದ ಡಬ್ಬಿ ಕಾರ್ಖಾನೆಯಲ್ಲಿ ನಾವು ಹೆಂಗಸರೆಲ್ಲ ಪ್ರೆಸ್ಸಿನಲ್ಲಿ ತಗಡಿನ ಮುಚ್ಚಳ ಒತ್ತುತ್ತಿದ್ದೆವು. ಸೇಫ್ಟಿ ಕಮಿಟಿಗೆ ಕೆಲಸಗಾರರ ಕಡೆಯಿಂದ ಅಕ್ಕನನ್ನು ಆರಿಸಿದ್ದೇ ತಡ, ಗೇಟಿನಲ್ಲಿ ನಿಂತು, "ತೋರ್ಸ್ರೇ ಕೈನ" ಎನ್ನುತ್ತಾ ಒಬ್ಬೊಬ್ಬರದೂ ಎಣಿಸತೊಡಗಿದಳು. ಬಾಯಲ್ಲಿ ಎಲೆಅಡಿಕೆ ಇದ್ದರೂ ಎಣಿಕೆ ತಪ್ಪುತ್ತಿರಲಿಲ್ಲ.

ಪ್ರೆಸ್ಸಿಗೆ ಎರಡು ಗುಂಡಿ. ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತಿತ್ತು. ಕೈ ಒಳಗಿರಬಾರದೆಂದು ಆ ಏರ್ಪಾಟು. ಕುಳ್ಳಿಯಾದ ನನಗೆ ಎಡಗುಂಡಿ ಎಟುಕಿಸಿ ಎಟುಕಿಸಿ ಭುಜ ಬಿದ್ದುಹೋಗುತ್ತಿತ್ತು. ತಲೆಯ ಪಿನ್ನು ತೆಗೆದು ಗುಂಡಿಯ ಸಂದಿಗೆ ಸಿಕ್ಕಿಸಿದೆ. ಅದು ಒತ್ತಿಕೊಂಡೇ ಇರುತ್ತಿತ್ತು, ಎಡಗೈಗೆ ಆರಾಮು. ಒಂದು ದಿನ ಮುಚ್ಚಳ ಸರಿಮಾಡಲು ಎಡಗೈ ಒಳಗೆ ಹಾಕಿದ್ದೆ, ಬಲಗೈ ರೂಢಿಯ ಮೇಲೆ ಒತ್ತಿಬಿಟ್ಟಿತು. ಕೈ ಎಳೆದುಕೊಂಡೆ, ಮುಂದಕ್ಕೆ ಜಾರಿದ್ದ ಗಾಜಿನ ಬಳೆ ಪುಡಿಯಾಯಿತು.

ಪಿನ್ನು ಸಿಕ್ಕಿಸಿದವಳನ್ನು ಕೆಲಸದಿಂದ ತೆಗೆಯುವುದೇ ಸೈ ಎಂದರು ಮ್ಯಾನೇಜರ್. ಕಮಿಟಿಯಲ್ಲಿ ರುದ್ರಕ್ಕ ಸೆರಗಿನ ಗಂಟು ಬಿಚ್ಚಿ, ಎಲ್ಲ ಪ್ರೆಸ್ಸುಗಳಿಂದ ಕಿತ್ತುತಂದ ಪಿನ್ನುಗಳನ್ನು ಮೇಜಿನ ಮೇಲೆ ಸುರಿದಳಂತೆ.

"ಇವಳೊಬ್ಬಳೇ ಅಲ್ಲ ಸಾರ್, ಎಲ್ರೂ ಸಿಕ್ಕಿಸ್ತೀವಿ. ಯಾಕೆ ಅಂತ ನಮ್ಮನ್ನ ಕೇಳ್ಬೇಡಿ. ಊಟದವರ್ಗೂ ನೀವೇ ಕೂತು ಒತ್ತಿ."

ಮ್ಯಾನೇಜರ್ ನನ್ನ ಸ್ಟೂಲಿನ ಮೇಲೆ ಕೂತರು. ಅರ್ಧ ಗಂಟೆಗೆ ಟೈ ಸಡಿಲಿಸಿದರು. ಒಂದು ಗಂಟೆಗೆ ಎಡಗುಂಡಿಗೆ ಸಿಕ್ಕಿಸಲು ಜೇಬಿನಲ್ಲಿ ಏನೋ ತಡಕಾಡಿದರು. ರುದ್ರಕ್ಕ ತನ್ನ ತಲೆಯ ಪಿನ್ನನ್ನೇ ತೆಗೆದು ಬಲು ಮರ್ಯಾದೆಯಿಂದ ಮುಂದೆ ಹಿಡಿದಳು.

ಆ ವಾರವೇ ಗುಂಡಿಗಳ ಜಾಗ ಬದಲಾಯಿತು. ಒಂದೇ ಕೈಗೆ ಎರಡೂ ಸಿಗದಷ್ಟು ದೂರ, ಭುಜ ನೋಯದಷ್ಟು ಹತ್ತಿರ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟವರು ನಾವೇ. ನನ್ನ ಕೆಲಸ ಉಳಿಯಿತು.

ಅಕ್ಕ ಈಗಿಲ್ಲ. ಈ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾ ಬರೆಯುವಾಗ ಉಳಿದ ಒಂಬತ್ತು ಸೋಮಾರಿಗಳ ಹಾಗೆ ಕೂತಿರುತ್ತವೆ. ಕೂತಿರಲಿ, ಇವೆಯಲ್ಲ.

ಕೊನೆಯ ಸಲ ಅವಳು ಸಿಕ್ಕಿದ್ದು ವಿಜಯನಗರದ ಮಾರ್ಕೆಟ್ಟಿನಲ್ಲಿ. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ನನ್ನ ಸೊಪ್ಪಿನ ಚೀಲ ಕೆಳಗಿಡಿಸಿ, ನಡುರಸ್ತೆಯಲ್ಲೇ ಬೆರಳು ಹಿಡಿದು ಎಣಿಸತೊಡಗಿದಳು. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ನಂಬಿಕೆ ಬಂದಿಲ್ಲವೇನಕ್ಕ ಎಂದು ರೇಗಿಸಿದೆ. ಹತ್ತನೆಯದನ್ನೂ ಮುಟ್ಟಿ ನೋಡಿ, ನನ್ನ ತುರುಬಿನ ಪಿನ್ನು ಕಿತ್ತು ತನ್ನ ಸೆರಗಿಗೆ ಗಂಟು ಹಾಕಿಕೊಂಡು ಅಂದಳು:

"ಬೆರಳು ಪಾಪ ಒಳ್ಳೇವು ಕಣೇ. ನಿನ್ನೇ ನಂಬೋಕಾಗಲ್ಲ."